ಮೊಪೆಡ್, ಕೈಗಡಿಯಾರ ಮತ್ತು ಹೊಸೂರಿನ ಮಧ್ಯಮ ವರ್ಗ

ಮಧ್ಯಮ ವರ್ಗ ಬೆಳೆದರೆ ನಾಡಿನ ಆರ್ಥಿಕ ಸ್ಥಿತಿ ಹೇಗೆ ಮಾರ್ಪಡುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಹೊಸೂರಿನ ಚರಿತ್ರೆಯೇ ಸಾಕು.

ರಾಗಿ, ಹುರುಳಿ ಬೆಳೆಯುತ್ತಿದ್ದ ಈ ಸೀಮೆಯಲ್ಲಿ 1970ರ ದಶಕದಲ್ಲಿ ತಮಿಳುನಾಡು ಸರ್ಕಾರದ ಸಿಪ್‌ಕಾಟ್ ಸಂಸ್ಥೆಯು ಕೈಗಾರಿಕಾ ವಲಯವನ್ನು ಸ್ಥಾಪಿಸಿತು. ಬೆಂಗಳೂರು ಸುಮಾರು 40 ಕಿ.ಮೀ. ದೂರದಲ್ಲಿದ್ದುದು ಅನುಕೂಲವಾಯಿತು. 1980ರಲ್ಲಿ ಇಲ್ಲಿಂದ ಟಿವಿಎಸ್ 50 ಮೊಪೆಡ್ ಹೊರಬಂದಿತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಕೈಗಾರಿಕಾಭಿವೃದ್ಧಿ ನಿಗಮಗಳ ಸಹಯೋಗದಲ್ಲಿ ಟೈಟನ್ ಜನ್ಮತಾಳಿ, ಇಲ್ಲಿಯೇ ಕೈಗಡಿಯಾರಗಳನ್ನು ತಯಾರಿಸತೊಡಗಿತು.

ಇವುಗಳನ್ನು ಕೊಂಡವರು ಕೇವಲ ಸಿರಿವಂತರಲ್ಲ. ಹೊಟ್ಟೆಬಟ್ಟೆಗೆ ಮಿಕ್ಕು ನಾಲ್ಕು ಕಾಸು ಉಳಿಸಬಲ್ಲ ಗುಮಾಸ್ತರು, ಉಪಾಧ್ಯಾಯರು, ಸಣ್ಣ ವ್ಯಾಪಾರಿಗಳು. ಅವರ ಬೇಡಿಕೆಯಿಂದ ಕಾರ್ಖಾನೆಗಳು ಬೆಳೆದವು. ಕಾರ್ಖಾನೆಯ ತಿಂಗಳ ಸಂಬಳದಿಂದ ಇಲ್ಲಿಯೂ ಅಂತಹುದೇ ವರ್ಗವೊಂದು ಮೂಡಿತು. ಅಂಗಡಿ, ಬಾಡಿಗೆ ಮನೆ, ಬಿಡಿಭಾಗಗಳ ಸಣ್ಣ ಉದ್ಯಮಗಳು ಅದರ ಬೆನ್ನಿಗೆ ಬಂದವು. 1991ರ ಆರ್ಥಿಕ ಸುಧಾರಣೆ ಈ ಓಟಕ್ಕೆ ವೇಗವಿತ್ತಿತು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು.

ಆದರೆ ನೆಲದ ಬೆಲೆಯೂ ಏರಿತು. ಓದಿದವನಿಗೆ ತಿಂಗಳು ತಿಂಗಳು ಸಂಬಳ; ಹೊಲ ಮಾರಿದವನಿಗೆ ಹಣ ಬಂದದ್ದು ಒಂದೇ ಸಲ.

ಮಧ್ಯಮ ವರ್ಗವು ಕೈಬಿಚ್ಚಿ ವೆಚ್ಚ ಮಾಡುವುದು ಮಕ್ಕಳ ವಿದ್ಯೆಗಾಗಿ. ಆ ಹಣ ಇಂಗ್ಲಿಷ್ ಶಾಲೆಗಳತ್ತ ಹರಿಯಿತು; ಕನ್ನಡ ತರಗತಿಯ ಹಾಜರಿ ಪಟ್ಟಿ ವರ್ಷವರ್ಷವೂ ಕಿರಿದಾದುದನ್ನು ನಾವು ಕಣ್ಣಾರೆ ಕಂಡೆವು. ಅನ್ಯರನ್ನು ದೂರಿ ಫಲವಿಲ್ಲ. ನಮ್ಮ ಮಕ್ಕಳನ್ನೂ ನಾವು ಅಲ್ಲಿಗೇ ಕಳುಹಿಸಿದೆವು. ಗಳಿಕೆಯ ಒಂದು ಪಾಲನ್ನು ಇನ್ನಾದರೂ ಮನೆಯ ಕನ್ನಡ ಪುಸ್ತಕಕ್ಕೂ ಮೊಮ್ಮಕ್ಕಳ ಕನ್ನಡ ಪಾಠಕ್ಕೂ ಮೀಸಲಿಡೋಣ.