ಠಾಣೆಯ ನೆಂಟರು

ಹೋದ ವಾರ ಡೊಂಬಿವಲಿಯ ಮನೆಯಲ್ಲಿ ಮಗಳು 'ಮ್ಯಾಕ್‌ಬೆತ್' ಓದುತ್ತಿದ್ದವಳು ಕೇಳಿದಳು: "ಅಪ್ಪಾ, ಥೇನ್ ಆಫ್ ಕಾಡರ್ ಅಂದ್ರೆ ನಮ್ಮ ಠಾಣೆಯವನಾ?" ಇಂಗ್ಲಿಷಿನಲ್ಲಿ ಎರಡಕ್ಕೂ ಅವೇ ಐದು ಅಕ್ಷರ. ಬ್ರಿಟಿಷರು ಇಟ್ಟ ಹೆಸರಿರಬೇಕು ಎಂದುಬಿಟ್ಟೆ.

ತಪ್ಪು ಹೇಳಿದ್ದೆ. ಆ ಥೇನ್ ದೊರೆಯ ಅನುಚರ, ಹಳೆಯ ಇಂಗ್ಲಿಷಿನವನು. ಕಾಗುಣಿತ ಒಂದೇ ಆದರೂ ನೆಂಟಸ್ತಿಕೆ ಇಲ್ಲ. ನಮ್ಮ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದ ಉತ್ತರ ಕೊಂಕಣದ ಶಿಲಾಹಾರರ ಶಾಸನಗಳಲ್ಲಿ ಈ ಊರು 'ಶ್ರೀಸ್ಥಾನಕ'. ಸ್ಥಾನಕ ನಾಲಿಗೆಯಲ್ಲಿ ಸವೆದು ಠಾಣೆಯಾಯಿತು. ಕನ್ನಡದ ತಾಣ, ಊರೂರಿನ ಪೊಲೀಸ್ ಠಾಣೆ ಎಲ್ಲ ಅದೇ ಮನೆಯವು. ಬ್ರಿಟಿಷರು ಮಾಡಿದ್ದು ಇಷ್ಟೇ: ಇದ್ದ ಹೆಸರನ್ನು 'ಟನ್ನಾ' ಎಂದು ಬರೆದುಕೊಂಡರು.

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ರೈಲು 34 ಕಿ.ಮೀ. ಓಡಿ ಇಲ್ಲಿ ನಿಂತಿತು; ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ರೈಲಿನೊಂದಿಗೆ ಮನೆಮಾತಾದ 'ಸ್ಟೇಷನ್' ಪದದ ಮೂಲ ಲ್ಯಾಟಿನ್. ನಿಲ್ಲುವುದು ಎಂಬ ಅರ್ಥದ್ದು. ಅದಕ್ಕೂ ಸಂಸ್ಕೃತದ 'ಸ್ಥಾ' ಧಾತುವಿಗೂ ಬೇರು ಒಂದೇ. ಹಾಗಾಗಿ ಠಾಣೆಯ ನಿಜವಾದ ಇಂಗ್ಲಿಷ್ ನೆಂಟ ಥೇನ್ ಅಲ್ಲ, ಸ್ಟೇಷನ್. 'ಠಾಣೆ ಸ್ಟೇಷನ್' ಎಂದರೆ ನಿಲ್ಲುವ ಜಾಗದ ನಿಲ್ಲುವ ಜಾಗ. (ಬೆಳಗಿನ ಲೋಕಲ್‌ನಲ್ಲಿ ಒಂದು ಕಾಲಿಗೂ ಜಾಗ ಸಿಗದು, ಆ ಮಾತು ಬೇರೆ.)

ಅಷ್ಟರಲ್ಲಿ ಮಗಳು ನನ್ನ ಉತ್ತರವನ್ನು ತರಗತಿಯಲ್ಲಿ ಹೇಳಿಯಾಗಿತ್ತು. ನಾಳೆ ತಿದ್ದಿ ಹೇಳು ಪುಟ್ಟಿ, ತಪ್ಪು ನಂದು ಅಂತಲೂ ಹೇಳು ಎಂದೆ.

"ಕನ್ನಡದ ತಾಣಾನೂ ಹೇಳ್ಲಾ?" ಎಂದಳು.