ವಿಎಫ್‌ಎಕ್ಸ್ ಕೋರ್ಸ್ ಮುಗಿಸಿದರೆ ಕೆಲಸ ಗ್ಯಾರಂಟಿಯೇ? ಫಾರ್ವರ್ಡ್ ಹೇಳುವುದೆಷ್ಟು, ಬಿಡುವುದೆಷ್ಟು

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡಲು ಶುರುವಾಗುತ್ತದೆ. ಮೂರೋ ಆರೋ ತಿಂಗಳ ವಿಎಫ್‌ಎಕ್ಸ್ ಮತ್ತು ಅನಿಮೇಷನ್ ಕೋರ್ಸ್, ನೂರಕ್ಕೆ ನೂರು ಕೆಲಸ, ಹಾಲಿವುಡ್ ಸಿನಿಮಾಗಳಲ್ಲಿ ಅವಕಾಶ, ಮೊದಲ ತಿಂಗಳಿಂದಲೇ ಕೈತುಂಬ ಸಂಬಳ, ಸೀಟು ಕೆಲವೇ ಉಳಿದಿವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಚಿತ್ರ ಬಿಡಿಸುವ ಮಗನೋ ಮಗಳೋ ಇಂಥ ಸಂದೇಶವನ್ನು ಅಪ್ಪನ ಮುಂದೆ ಹಿಡಿಯುತ್ತಾರೆ. ಅಪ್ಪನಿಗೆ ವಿಎಫ್‌ಎಕ್ಸ್ ಅಂದರೇನೆಂದು ಗೊತ್ತಿರುವುದಿಲ್ಲ, ಆದರೆ ಫೀಸು ಕಟ್ಟಬೇಕಾದದ್ದು ಅಡಿಕೆಯದೋ ಮೆಕ್ಕೆಜೋಳದ್ದೋ ದುಡ್ಡಿನಲ್ಲಿ.

ಹಾಗಾದರೆ ಈ ಸಂದೇಶ ಸುಳ್ಳೇ? ಅರ್ಧ ನಿಜ. ಉದ್ಯಮ ಇದೆ, ಕೆಲಸವೂ ಇದೆ, ಕನ್ನಡದ ಹುಡುಗ ಹುಡುಗಿಯರು ಅದರಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ಇಲ್ಲದಿರುವುದು ಗ್ಯಾರಂಟಿ.

ಇದು ಎಂಥ ಕೆಲಸ?

ಇಲ್ಲದ ಪಾತ್ರಕ್ಕೆ ಚಲನೆ ಕೊಡುವುದು ಅನಿಮೇಷನ್. ಕ್ಯಾಮೆರಾದಲ್ಲಿ ಸೆರೆಯಾದ ದೃಶ್ಯಕ್ಕೆ ಇಲ್ಲದ್ದನ್ನು ಸೇರಿಸುವುದು, ಬೇಡದ್ದನ್ನು ಅಳಿಸುವುದು ವಿಎಫ್‌ಎಕ್ಸ್. ಎರಡೂ ಕಂಪ್ಯೂಟರ್ ಜತೆಗೇ ಹುಟ್ಟಿದವಲ್ಲ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನ, ಬಭ್ರುವಾಹನ ಇಬ್ಬರೂ ರಾಜ್‌ಕುಮಾರ್ ಅವರೇ. ಬೇರೆ ಬೇರೆಯಾಗಿ ಚಿತ್ರಿಸಿದ್ದನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸಿದರೆ ಮಾತ್ರ ತಂದೆ ಮಗ ಎದುರುಬದುರು ನಿಲ್ಲಲು ಸಾಧ್ಯ. ಹೀಗೆ ಕೂಡಿಸುವ ಕೆಲಸಕ್ಕೆ ಇವತ್ತಿನ ಸ್ಟುಡಿಯೊಗಳಲ್ಲಿ ಕಾಂಪೋಸಿಟಿಂಗ್ ಎನ್ನುತ್ತಾರೆ. 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ 2016ರ ‘ನಾಗರಹಾವು’ ಚಿತ್ರದಲ್ಲಿ ಕಾಣಿಸಿಕೊಂಡದ್ದು ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಿದ ಮುಖದಿಂದ. 2018ರ ‘ಕೆಜಿಎಫ್’ ಮೊದಲ ಭಾಗಕ್ಕೆ ಸ್ಪೆಷಲ್ ಎಫೆಕ್ಟ್ಸ್ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿಯೂ ಬಂತು.

ತೆರೆಯ ಮೇಲೆ ಕಾಣುವುದು ಇಷ್ಟು. ಹೊಸಬರಿಗೆ ಸಿಗುವ ಕೆಲಸ ಸಾಮಾನ್ಯವಾಗಿ ಬೇರೆಯೇ. ಸಿನಿಮಾ ಸೆಕೆಂಡಿಗೆ 24 ಫ್ರೇಮುಗಳಲ್ಲಿ ಓಡುತ್ತದೆ. ಐದು ಸೆಕೆಂಡಿನ ಒಂದು ಶಾಟ್ ಎಂದರೆ 120 ಫ್ರೇಮು. ನಾಯಕ ಓಡುತ್ತಿದ್ದಾನೆ, ಅವನ ಹಿಂದಿನ ಬೀದಿಯನ್ನು ತೆಗೆದು ಬೆಟ್ಟ ಹಾಕಬೇಕು ಎಂದುಕೊಳ್ಳಿ. ಹಾಗಿದ್ದರೆ ಮೊದಲು ಯಾರಾದರೂ ಆ 120 ಫ್ರೇಮುಗಳಲ್ಲೂ ಅವನ ಕೈ, ಕಾಲು, ಹಾರುವ ಕೂದಲಿನ ಅಂಚಿಗೆ ಸರಿಯಾಗಿ ಗೆರೆ ಎಳೆದು ಅವನನ್ನು ಹಿನ್ನೆಲೆಯಿಂದ ಬೇರ್ಪಡಿಸಬೇಕು. ಇದೇ ರೋಟೋ. ತಂತಿ, ಹಗ್ಗ, ಕ್ಯಾಮೆರಾದ ನೆರಳು ಅಳಿಸುವುದು ಪೇಂಟ್. ಕ್ಯಾಮೆರಾ ಹೇಗೆ ಚಲಿಸಿತು ಎಂದು ಲೆಕ್ಕ ಹಾಕಿ ಕಂಪ್ಯೂಟರ್‌ನೊಳಗೆ ಅದೇ ಚಲನೆಯನ್ನು ಮರುರೂಪಿಸುವುದು ಮ್ಯಾಚ್‌ಮೂವ್. ಭಾರತದ ವಿಎಫ್‌ಎಕ್ಸ್ ಉದ್ಯಮ ಬೆಳೆದದ್ದು ಬಹುಪಾಲು ಇಂಥ ಕೆಲಸಗಳ ಬಲದಿಂದಲೇ. ಹಾಗಾಗಿ ಫಾರ್ವರ್ಡ್‌ನಲ್ಲಿ ‘ಹಾಲಿವುಡ್ ಸಿನಿಮಾ’ ಎಂದಿದ್ದರೆ ಅದು ಪೂರ್ತಿ ಸುಳ್ಳಲ್ಲ. 2019ರ ‘ದಿ ಲಯನ್ ಕಿಂಗ್’ ಚಿತ್ರಕ್ಕೆ ಎಂಪಿಸಿ ಸ್ಟುಡಿಯೊದ ಬೆಂಗಳೂರು ಘಟಕವೂ ಕೆಲಸ ಮಾಡಿತ್ತು. ಆದರೆ ಸಿಂಹ ಬಿಡಿಸುವ ಕನಸಿಟ್ಟುಕೊಂಡು ಹೋದವರು ಮೊದಲ ಒಂದೆರಡು ವರ್ಷ ಯಾರದೋ ಕೂದಲಿಗೆ ಗೆರೆ ಎಳೆಯುತ್ತ ಕೂರಬೇಕಾಗಬಹುದು ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅದು ಕೀಳು ಕೆಲಸವೇನಲ್ಲ. ತಾಳ್ಮೆ ಇದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

‘ಗ್ಯಾರಂಟಿ’ ಎಂಬ ಪದದ ಒಳಗೆ

ಸ್ಟುಡಿಯೊಗಳು ಕೆಲಸ ಕೊಡುವಾಗ ಸರ್ಟಿಫಿಕೇಟಿಗಿಂತ ಮೊದಲು ನೋಡುವುದು ಶೋರೀಲ್. ಅಂದರೆ ಅಭ್ಯರ್ಥಿ ತಾನೇ ಮಾಡಿದ ಒಳ್ಳೆಯ ಕೆಲಸಗಳನ್ನು ಜೋಡಿಸಿದ ಒಂದೆರಡು ನಿಮಿಷದ ವಿಡಿಯೊ. ಅದಾದ ಮೇಲೆ ಅನೇಕ ಕಡೆ ಒಂದು ಶಾಟ್ ಕೊಟ್ಟು ಪರೀಕ್ಷೆ. ಒಳ್ಳೆಯ ರೀಲ್ ಇದ್ದವರಿಗೆ ಯಾವ ಊರು, ಯಾವ ಮೀಡಿಯಂ ಎಂಬ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ರೀಲ್ ಇಲ್ಲದಿದ್ದರೆ ಎಷ್ಟು ದಪ್ಪ ಸರ್ಟಿಫಿಕೇಟ್ ಇದ್ದರೂ ಕಷ್ಟ. ಹೀಗಿರುವಾಗ ಮಧ್ಯದಲ್ಲಿರುವ ತರಬೇತಿ ಸಂಸ್ಥೆ ಕೆಲಸದ ಗ್ಯಾರಂಟಿ ಕೊಡುವುದಾದರೂ ಹೇಗೆ? ಬಹಳ ಸಲ ಆ ಪದದ ಅರ್ಥ ‘ಸಂದರ್ಶನಕ್ಕೆ ಕಳಿಸಿಕೊಡುತ್ತೇವೆ’ ಎಂದಷ್ಟೇ.

ಫೀಸು ಕಟ್ಟುವ ಮೊದಲು ಸಂಸ್ಥೆಗೆ ಹೋಗಿ ಹೋದ ವರ್ಷದ ವಿದ್ಯಾರ್ಥಿಗಳ ಶೋರೀಲ್ ತೋರಿಸಿ ಎಂದು ಕೇಳಿ. ಗೋಡೆಯ ಪೋಸ್ಟರ್ ಅಲ್ಲ, ರೀಲ್. ಅದನ್ನು ಮಾಡಿದವರೊಡನೆ ಮಾತನಾಡಲು ಬಿಡಿ ಎನ್ನಿ. ಪಾಠ ಮಾಡುವವರು ಯಾವ ಚಿತ್ರದಲ್ಲಿ ಏನು ಕೆಲಸ ಮಾಡಿದ್ದಾರೆ ಎಂದು ವಿಚಾರಿಸಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಎಂಬುದು ಬರವಣಿಗೆಯಲ್ಲಿರಲಿ.

ಇಎಂಐ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಬಡ್ಡಿ ಇಲ್ಲದ ಕಂತು’ ಎಂದು ಆಧಾರ್, ಪಾನ್ ಪಡೆದು ಮೊಬೈಲಿನಲ್ಲೇ ಸಹಿ ಹಾಕಿಸಿಕೊಳ್ಳುವ ಪದ್ಧತಿ ಇದೆ. ಅದು ಸಂಸ್ಥೆಗೆ ಕಟ್ಟುವ ಕಂತಲ್ಲ, ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ತೆಗೆದ ಸಾಲ. ಎರಡನೇ ತಿಂಗಳಿಗೇ ಕ್ಲಾಸ್ ಬಿಟ್ಟರೂ, ಸಂಸ್ಥೆಯೇ ಬಾಗಿಲು ಹಾಕಿದರೂ ಕಂತು ತಾನಾಗಿ ನಿಲ್ಲುವುದಿಲ್ಲ. ಫೀಸಿನ ವಿಷಯದಲ್ಲಿ ಮೋಸವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇನ್ನೊಂದು ಬಗೆಯ ಸಂದೇಶವೂ ಇದೆ: ಮನೆಯಲ್ಲೇ ಕೂತು ದೊಡ್ಡ ಸಿನಿಮಾಗಳ ರೋಟೋ ಮಾಡಿ, ಸಾಫ್ಟ್‌ವೇರಿಗೆ ಇಷ್ಟು ಠೇವಣಿ ಕಟ್ಟಿ. ಇದನ್ನು ನಂಬಬೇಡಿ. ಬಿಡುಗಡೆಯಾಗದ ಚಿತ್ರದ ಶಾಟ್‌ಗಳು ಸೋರಿಕೆಯಾಗದಂತೆ ಸ್ಟುಡಿಯೊಗಳು ಬಿಗಿ ಕಾವಲಿಡುತ್ತವೆ. ಇಂಟರ್‌ನೆಟ್ ಇಲ್ಲದ ಕಂಪ್ಯೂಟರ್, ಒಳಗೆ ಫೋನ್ ತರುವಂತಿಲ್ಲ ಎಂಬ ನಿಯಮ ಇವೆಲ್ಲ ಅಲ್ಲಿ ಮಾಮೂಲು. ಅಂಥವರು ಗುರುತು ಪರಿಚಯ ಇಲ್ಲದವರಿಗೆ ವಾಟ್ಸ್‌ಆ್ಯಪಿನಲ್ಲಿ ಶಾಟ್ ಕಳಿಸುವುದಿಲ್ಲ, ಕೆಲಸ ಮಾಡುವವರಿಂದ ಠೇವಣಿಯನ್ನೂ ಕೇಳುವುದಿಲ್ಲ. ದುಡ್ಡು ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಊರಲ್ಲಿದ್ದುಕೊಂಡೇ ಶುರು ಮಾಡುವುದು

ದೊಡ್ಡ ಸ್ಟುಡಿಯೊಗಳಿರುವ ಬೆಂಗಳೂರು ಈ ನಾಲ್ಕೂ ತಾಲ್ಲೂಕುಗಳಿಂದ ಸುಮಾರು 250ರಿಂದ 300 ಕಿಲೋಮೀಟರ್. ಪಿಜಿ ಬಾಡಿಗೆ, ಊಟ, ಫೀಸು ಸೇರಿದರೆ ವರ್ಷಕ್ಕೆ ಲಕ್ಷಗಳ ಮಾತು. ಆದ್ದರಿಂದ ನಮ್ಮ ಸಲಹೆ ಇಷ್ಟು: ಮೊದಲ ಮೂರು ತಿಂಗಳು ಒಂದು ರೂಪಾಯಿ ಫೀಸನ್ನೂ ಕಟ್ಟದೆ ಮನೆಯಲ್ಲೇ ಪ್ರಯತ್ನಿಸಿ.

ಕಂಪ್ಯೂಟರ್ ಇಲ್ಲವೇ? ಫೋನಿನಲ್ಲಿ ಫ್ಲಿಪಾಕ್ಲಿಪ್‌ನಂಥ ಆ್ಯಪ್ ಹಾಕಿಕೊಂಡು ಒಂದು ಚೆಂಡು ಪುಟಿಯುವುದನ್ನು ಫ್ರೇಮಿನಿಂದ ಫ್ರೇಮಿಗೆ ಬಿಡಿಸಿ. ಸುಲಭ ಅನಿಸುತ್ತದೆ, ಆದರೆ ಚೆಂಡಿಗೆ ತೂಕ ಬರುವಂತೆ ಮಾಡಲು ವಾರ ಬೇಕಾಗುತ್ತದೆ. ಕಂಪ್ಯೂಟರ್ ಇದ್ದರೆ ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ. ಕಲಿಯಲು ಶುರು ಮಾಡುವುದಕ್ಕೆ 8 ಜಿಬಿ ರ್‍ಯಾಮ್ ಸಾಕು, ಕೆಲಸ ಗಂಭೀರವಾದಾಗ 16ರಿಂದ 32 ಜಿಬಿ ಮತ್ತು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ಉಚಿತದ್ದು ಕಳಪೆ ಎಂಬ ಮಾತೂ ಫಾರ್ವರ್ಡ್‌ಗಳಲ್ಲಿ ಬರುತ್ತದೆ. 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾ ದೇಶದ ‘ಫ್ಲೋ’ ತಯಾರಾದದ್ದು ಇದೇ ಬ್ಲೆಂಡರ್‌ನಲ್ಲಿ. ಪ್ರವಾಹಕ್ಕೆ ಸಿಕ್ಕ ಬೆಕ್ಕೊಂದರ ಕಥೆ, ಮಾತೇ ಇಲ್ಲ. ಅದಕ್ಕೆ ಐದು ವರ್ಷಕ್ಕೂ ಹೆಚ್ಚು ಹಿಡಿಯಿತು ಎಂಬುದನ್ನೂ ಹೇಳಬೇಕು. ವಿಎಫ್‌ಎಕ್ಸ್ ಕಡೆ ಒಲವಿರುವವರಿಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಫ್ಯೂಷನ್ ಎಂಬ ಕಾಂಪೋಸಿಟಿಂಗ್ ಭಾಗವಿದೆ. ಸ್ಟುಡಿಯೊಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ನ್ಯೂಕ್, ಹೌಡಿನಿಗಳಿಗೂ ಕಲಿಯುವವರಿಗೆಂದೇ ಉಚಿತ ಆವೃತ್ತಿಗಳಿವೆ.

ಸಾಫ್ಟ್‌ವೇರ್ ಯಾರು ಬೇಕಾದರೂ ಕಲಿಯಬಹುದು. ಕಣ್ಣು ಪಳಗುವುದು ನಿಧಾನ, ಮತ್ತು ಇದರಲ್ಲಿ ಹಳ್ಳಿಯವರು ಹಿಂದೆ ಬೀಳಬೇಕಾಗಿಲ್ಲ. ‘ಹೊನ್ನಾಳಿ ಹೊಡ್ತ’ ಎಂಬ ಮಾತು ನಾಡಿಗೆಲ್ಲ ಗೊತ್ತು. ಆ ಹೊಡೆತವನ್ನು ಅನಿಮೇಟ್ ಮಾಡುವುದು ಹೇಗೆ? ಕೈ ನೇರವಾಗಿ ಮುಂದೆ ಹೋದರೆ ಅದರಲ್ಲಿ ಜೋರೇ ಇರುವುದಿಲ್ಲ. ಮೊದಲು ಭುಜ ಹಿಂದೆ ಹೋಗಬೇಕು, ಸೊಂಟ ತಿರುಗಬೇಕು, ಭಾರ ಹಿಂಗಾಲಿಗೆ ಬೀಳಬೇಕು, ಆಮೇಲೆ ಎರಡು ಮೂರು ಫ್ರೇಮಿನಲ್ಲಿ ಏಟು. ಡಿಸ್ನಿಯ ಹಿರಿಯ ಅನಿಮೇಟರುಗಳಾದ ಫ್ರ್ಯಾಂಕ್ ಥಾಮಸ್, ಆಲಿ ಜಾನ್‌ಸ್ಟನ್ 1981ರಲ್ಲಿ ಪುಸ್ತಕವಾಗಿ ಬರೆದಿಟ್ಟ ಹನ್ನೆರಡು ಸೂತ್ರಗಳಲ್ಲಿ ಈ ‘ಪೂರ್ವಸಿದ್ಧತೆ’ಯೂ ಒಂದು. ಚನ್ನಗಿರಿಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವ ಅಜ್ಜಿಯ ಕೈಯನ್ನು ಫೋನಿನ ಸ್ಲೋ ಮೋಷನ್‌ನಲ್ಲಿ ಚಿತ್ರಿಸಿ ನೋಡಿ. ಯಾವ ಬೆರಳು ಮೊದಲು, ಎಲ್ಲಿ ತಡೆ, ಎಲ್ಲಿ ವೇಗ? ಸೂಳೆಕೆರೆಯ ನೀರು ಗಾಳಿಗೆ ದಡದಲ್ಲಿ ಹೇಗೆ ಒಡೆಯುತ್ತದೆ, ನಡುವೆ ಹೇಗೆ ಕಾಣುತ್ತದೆ? ಜಗಳೂರಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗೆಂದೇ ವನ್ಯಧಾಮವಿದೆ. ಅದು ಕಣ್ಣಿಗೆ ಬೀಳುವುದು ಅಪರೂಪ, ಹಟ್ಟಿಯ ಮೇಕೆಯಾದರೂ ಸಾಕು. ನಾಲ್ಕು ಕಾಲಿನ ನಡಿಗೆಯಲ್ಲಿ ಯಾವ ಕಾಲಿನ ಹಿಂದೆ ಯಾವುದು ಬರುತ್ತದೆ ಎಂದು ಫ್ರೇಮ್ ನಿಲ್ಲಿಸಿ ಬರೆದುಕೊಳ್ಳಿ. ವೃತ್ತಿಯವರೂ ಮಾಡುವುದು ಇದನ್ನೇ, ಇದಕ್ಕೆ ಅವರು ರೆಫರೆನ್ಸ್ ಎನ್ನುತ್ತಾರೆ.

ಮೂರು ತಿಂಗಳಾದ ಮೇಲೂ ರಾತ್ರಿ ಹತ್ತಕ್ಕೆ ‘ಇನ್ನೊಂದು ಸಲ ಮಾಡಿ ನೋಡೋಣ’ ಅನಿಸುತ್ತಿದ್ದರೆ ಮುಂದಿನ ಓದಿನ ಬಗ್ಗೆ ಯೋಚಿಸಬಹುದು. ಖಾಸಗಿ ಕೋರ್ಸ್ ಒಂದೇ ದಾರಿಯಲ್ಲ. ದಾವಣಗೆರೆಯಲ್ಲೇ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿನ ಪದವಿ ನೇರವಾಗಿ ವಿಎಫ್‌ಎಕ್ಸ್‌ನದಲ್ಲದಿದ್ದರೂ ಚಿತ್ರಕಲೆ, ಅನ್ವಯಿಕ ಕಲೆಯ ತಳಪಾಯ ಈ ಕ್ಷೇತ್ರದಲ್ಲಿ ಬಹಳ ಕಾಲ ಬಾಳುತ್ತದೆ. ಮೈಸೂರಿನಲ್ಲಿ ಸರ್ಕಾರಿ ದೃಶ್ಯಕಲಾ ಕಾಲೇಜು ‘ಕಾವಾ’ ಇದೆ. ಪಿಯುಸಿಯಲ್ಲಿ ವಿಜ್ಞಾನವೇ ಇರಬೇಕೆಂಬುದೂ ಸುಳ್ಳು: ಐಐಟಿಗಳ ವಿನ್ಯಾಸ ಪದವಿಗೆ ನಡೆಯುವ ಯುಸೀಡ್ ಪರೀಕ್ಷೆಯನ್ನು ಕಲೆ, ವಾಣಿಜ್ಯ ಓದಿದವರೂ ಬರೆಯಬಹುದು.

ಸೇರಿದ ಮೇಲೆ ಉಳಿಯುವುದು

ರಾಜ್ಯ ಸರ್ಕಾರ ಈ ಉದ್ಯಮಕ್ಕೆಂದು 2012ರಲ್ಲೇ ನೀತಿ ತಂದಿತು. 2024ರಲ್ಲಿ ಬಂದ ಹೊಸ ನೀತಿಯಲ್ಲಿ 30,000 ಹೊಸ ಉದ್ಯೋಗಗಳ ಗುರಿ ಇದೆ. ಫಾರ್ವರ್ಡ್‌ಗಳು ಎತ್ತಿ ತೋರಿಸುವುದು ಇಂಥ ಅಂಕಿಯನ್ನು. ಗುರಿ ಬೇರೆ, ಆಗಿರುವುದು ಬೇರೆ. ಆಗಿರುವುದರಲ್ಲಿ ಇದೂ ಒಂದು: 2025ರ ಫೆಬ್ರವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿಯಿತು. ಆಸ್ಕರ್ ಗೆದ್ದ ಚಿತ್ರಗಳಿಗೆ ದುಡಿದ ಸಾವಿರಾರು ಮಂದಿ ಭಾರತದಲ್ಲಿ ಕೆಲವೇ ದಿನಗಳಲ್ಲಿ ಕೆಲಸ ಕಳೆದುಕೊಂಡರು. 2013ರಲ್ಲೂ ಹೀಗೇ ಆಗಿತ್ತು. ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿ ಆಸ್ಕರ್ ಪಡೆದ ರಿದಮ್ ಅಂಡ್ ಹ್ಯೂಸ್, ಪ್ರಶಸ್ತಿ ಬಂದ ಅದೇ ತಿಂಗಳು ದಿವಾಳಿ ಅರ್ಜಿ ಸಲ್ಲಿಸಿತ್ತು. 2023ರಲ್ಲಿ ಹಾಲಿವುಡ್‌ನ ಬರಹಗಾರರು, ನಟರು ಮುಷ್ಕರ ಹೂಡಿದಾಗ ಅಲ್ಲಿ ಚಿತ್ರೀಕರಣ ನಿಂತಿತು, ಇಲ್ಲಿ ಕೆಲಸ ಒಣಗಿತು. ಹತ್ತಿಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದನ್ನು ಕಂಡ ದಾವಣಗೆರೆಯ ಹಿರಿಯರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಕೃತಕ ಬುದ್ಧಿಮತ್ತೆ ಇದಕ್ಕೆ ಇನ್ನೊಂದು ತಿರುವು. ‘ಎಐ ಬಂತು, ವಿಎಫ್‌ಎಕ್ಸ್ ಸತ್ತಿತು’ ಎಂಬ ಸಂದೇಶವೂ ಓಡಾಡುತ್ತಿದೆ, ಅದೂ ಅರ್ಧ ನಿಜವೇ. ಮನುಷ್ಯನನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸವನ್ನು ಈಗ ಸಾಫ್ಟ್‌ವೇರ್ ತಕ್ಕಮಟ್ಟಿಗೆ ತಾನೇ ಮಾಡುತ್ತದೆ. ಕೂದಲು, ಮಸುಕಾದ ಚಲನೆ ಬಂದಲ್ಲಿ ಎಡವುತ್ತದೆ, ಮನುಷ್ಯ ತಿದ್ದಬೇಕಾಗುತ್ತದೆ. ಅಂದರೆ ಮೊದಲು ಅಲುಗುವುದು ಹೊಸಬರು ಕಾಲಿಡುವ ಮೆಟ್ಟಿಲೇ. ರೋಟೋದಿಂದ ಒಳಗೆ ಹೋಗುವುದರಲ್ಲಿ ತಪ್ಪಿಲ್ಲ, ಅಲ್ಲೇ ಐದು ವರ್ಷ ಕೂರುವುದು ಅಪಾಯ. ಮೊದಲ ದಿನದಿಂದಲೇ ಸಂಜೆ ಒಂದು ಗಂಟೆ ಕಾಂಪೋಸಿಟಿಂಗೋ ಲೈಟಿಂಗೋ ಕಲಿಯುತ್ತಿದ್ದವರು ಮೇಲೇರುತ್ತಾರೆ. ಪೈಥಾನ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟ್ ಬರೆಯಬಲ್ಲ ಕಲಾವಿದರಿಗೆ ಎಲ್ಲ ಕಡೆ ಬೆಲೆಯಿದೆ. ಸಿನಿಮಾ ಬಿಟ್ಟು ಆಟಗಳು, ಜಾಹೀರಾತು, ಕಟ್ಟಡಗಳ ತ್ರೀಡಿ ನೋಟ, ವೈದ್ಯಕೀಯ ಮತ್ತು ಶಾಲಾ ಪಾಠದ ಅನಿಮೇಷನ್‌ಗಳಿಗೂ ಇದೇ ಕೌಶಲ ಬೇಕು. ಪ್ರಾಜೆಕ್ಟ್ ಮುಗಿದೊಡನೆ ಗುತ್ತಿಗೆಯೂ ಮುಗಿಯುವ ಕಡೆ ಕೆಲಸವಾದರೆ, ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿರುವವರೆಗೆ ಬೈಕು ಕೊಳ್ಳಬೇಡಿ. ಇದು ನಮ್ಮ ಅಭಿಪ್ರಾಯ, ಹುಡುಗರು ಒಪ್ಪುವುದು ಕಷ್ಟ.

ದೇಹದ ಬಗ್ಗೆಯೂ ಒಂದು ಮಾತು. ಡೆಡ್‌ಲೈನ್ ಹತ್ತಿರ ಬಂದಾಗ ದಿನಕ್ಕೆ ಹನ್ನೆರಡು ಗಂಟೆ ಪರದೆ ನೋಡುವುದು ಈ ಕೆಲಸದಲ್ಲಿ ಅಪರೂಪವಲ್ಲ. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಸೆಕೆಂಡು, ಇಪ್ಪತ್ತು ಅಡಿ ದೂರ ನೋಡಿ. ಬ್ಲೂ ಲೈಟ್ ಕನ್ನಡಕ ಇದಕ್ಕೆ ಪರಿಹಾರವಲ್ಲ. ಒಂದೇ ಬಗೆಯಲ್ಲಿ ಮೌಸ್ ಎಳೆದೆಳೆದು ಮಣಿಕಟ್ಟು ಜೋಮು ಹಿಡಿಯತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಪೆನ್ ಟ್ಯಾಬ್ಲೆಟ್‌ಗೆ ಬದಲಿಸಿದರೆ ಅನೇಕರಿಗೆ ಹಗುರವಾಗುತ್ತದೆ.

ಕೊನೆಯದಾಗಿ, ಕೆಲಸಕ್ಕೆ ಸೇರಿದ ದಿನ ಗುಟ್ಟು ಕಾಪಾಡುವ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಚಿತ್ರ ಬಿಡುಗಡೆಯಾಗಿ, ಸ್ಟುಡಿಯೊ ಅನುಮತಿ ಕೊಡುವವರೆಗೆ ನೀವೇ ಮಾಡಿದ ಶಾಟ್ ಆದರೂ ಶೋರೀಲಿಗೆ ಹಾಕುವಂತಿಲ್ಲ. ಯಾವ ಚಿತ್ರಕ್ಕೆ ದುಡಿಯುತ್ತಿದ್ದೀರಿ ಎಂದು ಊರಲ್ಲಿ ಹೇಳುವಂತಿಲ್ಲ. ಮಗನೋ ಮಗಳೋ ಹೆಮ್ಮೆಯಿಂದ ಮನೆಯವರಿಗಷ್ಟೇ ಎಂದು ಹೇಳಿದ್ದನ್ನು ಅಪ್ಪ ಸ್ಟೇಟಸ್‌ಗೆ ಹಾಕಿದರೂ ಕೆಲಸಕ್ಕೆ ಸಂಚಕಾರ ಬರಬಹುದು.