ಹಲಗಲಿ, ಕೊಡಗು ಮತ್ತು ಆಯುಧ ಶಾಸನ

ಉತ್ತರ ಹಿಂದೂಸ್ಥಾನದ ದಂಗೆಯು ಇನ್ನೂ ಅಡಗದಿರುವಾಗಲೇ, ೧೮೫೭ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಕುಂಪಣಿ ಸರ್ಕಾರದವರು ಆಯುಧ ಶಾಸನವೊಂದನ್ನು ಹೊರಡಿಸಿದರು. ಸರ್ಕಾರವು ಗೊತ್ತುಪಡಿಸಿದ ಸೀಮೆಗಳಲ್ಲಿ ಪರವಾನಗಿಯಿಲ್ಲದೆ ಯಾರೂ ಶಸ್ತ್ರವನ್ನು ಇರಿಸಿಕೊಳ್ಳಕೂಡದೆಂಬುದು ಅದರ ತಾತ್ಪರ್ಯ. ಈ ಒಂದೇ ಶಾಸನವು ಕನ್ನಡ ನಾಡಿನ ಎರಡು ಎಡೆಗಳಲ್ಲಿ ಎರಡು ಬಗೆಯಾಗಿ ಫಲಿಸಿತು.

ಮುಧೋಳವು ಘೋರ್ಪಡೆ ಅರಸರ ಸಂಸ್ಥಾನ. ಆದರೂ ಆಂಗ್ಲರ ಆಜ್ಞೆಯು ಅಲ್ಲಿಯೂ ನಡೆಯಿತು. ಆ ಸಂಸ್ಥಾನದ ಹಲಗಲಿಯೆಂಬ ಹಳ್ಳಿಯ ಬೇಡರು ಬೇಟೆಯಿಂದ ಬಾಳಿದವರು. ಆಯುಧವೆಂದರೆ ಅವರಿಗೆ ಅನ್ನವೂ ಹೌದು, ಮಾನವೂ ಹೌದು. ಅದನ್ನು ಒಪ್ಪಿಸಲೊಲ್ಲೆವೆಂದು ಅವರು ಒಟ್ಟುಗೂಡಿದರು. ನವೆಂಬರಿನ ಕೊನೆಯಲ್ಲಿ ಕರ್ನಲ್ ಮಾಲ್ಕಮನ ಕುದುರೆಯ ದಂಡು ಹಳ್ಳಿಯನ್ನು ಮುತ್ತಿತು, ಊರಿಗೆ ಬೆಂಕಿಯಿಟ್ಟರು. ಸೆರೆಸಿಕ್ಕವರಲ್ಲಿ ಹತ್ತೊಂಬತ್ತು ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಹದಿಮೂವರನ್ನು ಮುಧೋಳದಲ್ಲಿ, ಉಳಿದ ಆರು ಮಂದಿಯನ್ನು ಅವರ ಊರಾದ ಹಲಗಲಿಯಲ್ಲಿಯೇ. ಇದನ್ನು ದಿಲ್ಲಿಯ ದಂಗೆಯ ಕವಲೆಂದು ಬಗೆಯುವವರುಂಟು. ನಮಗಾದರೋ, ಮನೆಯ ಆಯುಧವನ್ನು ಬಿಡಲೊಲ್ಲದ ಹಟವೇ ಇಲ್ಲಿ ಮೊದಲಿನದೆಂದು ತೋರುತ್ತದೆ.

ಈ ಕಥೆ ಉಳಿದುಬಂದುದು ಲಾವಣಿಯ ದೆಸೆಯಿಂದ. ಜಡಗ, ಬಾಲ, ಹನುಮ, ರಾಮ ಎಂಬ ವೀರರನ್ನು ಅದು ಹೆಸರಿಸುತ್ತದೆ. ಶಾಸನತಜ್ಞನಾದ ಫ್ಲೀಟನು ಅದನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸಿದನು. ಆಳುವವರ ಅಧಿಕಾರಿಯೇ ಆಳಿಸಿಕೊಂಡವರ ಹಾಡನ್ನು ಕಾಪಾಡಿದ್ದು ವಿಚಿತ್ರವಲ್ಲವೇ! ದಂಡಿನವರು ದೋಚಿದ ಅರಿಸಿನ, ಜೀರಿಗೆಗಳನ್ನು ಸಹ ಲಾವಣಿಕಾರನು ಮರೆಯದೆ ಎಣಿಸಿದ್ದಾನೆ. ಸರ್ಕಾರದ ಕಡತಗಳಿಗೆ ಆ ಲೆಕ್ಕ ಬೇಕಿರಲಿಲ್ಲ.

ಇನ್ನು ಕೊಡಗಿನ ಮಾತು. ೧೮೩೪ರಲ್ಲಿ ಆಂಗ್ಲರ ವಶವಾದ ಆ ಸೀಮೆಯಲ್ಲಿ ಕೋವಿಯು ಮನೆಯ ದೇವರ ಸಮಾನ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ. ಗಂಡುಮಗು ಹುಟ್ಟಿದರೆ ಗುಂಡು, ಮನೆಯಲ್ಲಿ ಸಾವಾದರೂ ಗುಂಡು. ದಂಗೆಯ ಕಾಲದಲ್ಲಿ ಕೊಡವರು ಆಂಗ್ಲರಿಗೆ ನಿಷ್ಠರಾಗಿದ್ದುದರಿಂದ ಕಮಿಷನರ್ ಮಾರ್ಕ್ ಕಬ್ಬನನು ೧೮೬೧ರಲ್ಲಿ ಅವರಿಗೆ ಆ ಶಾಸನವು ಅನ್ವಯಿಸದೆಂದು ಸಾರಿದನು. ಬೇಡನ ಕೈಯ ಆಯುಧವು ಅಪರಾಧ, ಕೊಡವನ ಕೈಯದು ಭೂಷಣ. ಕೋವಿಯಲ್ಲಿ ಭೇದವಿರಲಿಲ್ಲ, ಹಿಡಿದವನ ಮೇಲಿನ ನಂಬಿಕೆಯಲ್ಲಿತ್ತು.

೧೮೭೮ರಲ್ಲಿ ಲಿಟ್ಟನ್ ಪ್ರಭುವಿನ ಕಾಲದ ಕಾಯಿದೆಯು ಪರವಾನಗಿಯ ಕಟ್ಟನ್ನು ದೇಶಕ್ಕೆಲ್ಲ ಬಿಗಿಯಿತು. ಯುರೋಪಿಯನ್ನರನ್ನು ಹೊರಗಿಟ್ಟಿತು. ಸ್ವತಂತ್ರ ಭಾರತವು ೧೯೫೯ರಲ್ಲಿ ತನ್ನದೇ ಆಯುಧ ಕಾಯಿದೆಯನ್ನು ಮಾಡಿತಾದರೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೊಟ್ಟಿದ್ದ ವಿನಾಯಿತಿಯನ್ನು ತೆಗೆಯಲಿಲ್ಲ. ಕೇಂದ್ರ ಸರ್ಕಾರವು ೨೦೧೯ರಲ್ಲಿ ಅದನ್ನು ೨೦೨೯ರವರೆಗೆ ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು ೨೦೨೧ರಲ್ಲಿ ತಳ್ಳಿಹಾಕಿತು.